ಸ್ಥಾವರ ಗಟ್ಟಿ, ವಕಾಲತ್ತು ಪೊಳ್ಳು

2018ರ ಡಿಸೆಂಬರ್ 10ರಂದು ಉತ್ತರ ಕನ್ನಡದ ಕಾಡಿನ ನಡುವೆ ಒಂದು ವಿಶ್ವದಾಖಲೆ ಆಯಿತು. ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ ಒಮ್ಮೆಯೂ ನಿಲ್ಲದೆ 941ನೇ ದಿನ ಓಡುತ್ತಿತ್ತು. ಬ್ರಿಟನ್ನಿನ ಹೇಶಮ್ ಸ್ಥಾವರದ ಹೆಸರಿನಲ್ಲಿದ್ದ 940 ದಿನಗಳ ದಾಖಲೆ ಅಂದು ಮುರಿಯಿತು. ವರ್ಷದ ಕೊನೆಯ ದಿನ ನಿರ್ವಹಣೆಗೆಂದು ನಿಲ್ಲಿಸುವ ಹೊತ್ತಿಗೆ ಅದು 962 ದಿನ ಪೂರೈಸಿತ್ತು, ಸುಮಾರು 500 ಕೋಟಿ ಯೂನಿಟ್ ವಿದ್ಯುತ್ ಕೊಟ್ಟಿತ್ತು. ಓಡುತ್ತಿರುವಾಗಲೇ ಇಂಧನ ಬದಲಿಸಬಹುದಾದ ಭಾರಜಲ ರಿಯಾಕ್ಟರ್ ಅದು. ಕಟ್ಟಿದವರೂ ನಡೆಸಿದವರೂ ನಮ್ಮವರೇ. ಆಮೇಲೆ ಕೆನಡಾದ ಡಾರ್ಲಿಂಗ್ಟನ್ 1,106 ದಿನ ಓಡಿ ಆ ಪಟ್ಟ ಕಿತ್ತುಕೊಂಡಿತು, ಅದು ಬೇರೆ ಮಾತು.

ಅದೇ ತಿಂಗಳು, ಅದೇ ಸ್ಥಾವರದ ವಸತಿ ಪಟ್ಟಣವಾದ ಮಲ್ಲಾಪುರದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ತಲಾ 700 ಮೆಗಾವಾಟ್‌ನ ಐದು ಮತ್ತು ಆರನೇ ಘಟಕಗಳು ಬರಲಿವೆ, ಜನ ಏನು ಹೇಳುತ್ತಾರೆ ಎಂದು ಕೇಳುವ ಸಭೆ. ಅಲ್ಲಿ ವಿರೋಧದ ದನಿಯೇ ಜೋರಾಗಿತ್ತು. ಇನ್ನೆಷ್ಟು ಯೋಜನೆ ಈ ಜಿಲ್ಲೆಗೆ, ಇನ್ನೆಷ್ಟು ಮರ ಹೋಗಬೇಕು, ಊರಲ್ಲಿ ಕ್ಯಾನ್ಸರ್ ಏಕೆ ಹೆಚ್ಚಾದಂತೆ ಕಾಣುತ್ತದೆ ಎಂಬ ಪ್ರಶ್ನೆಗಳು ಬಂದವು. ಮರುವರ್ಷ ಪರಿಸರ ಅನುಮತಿ ಬಂತು.

ವಿಶ್ವದಾಖಲೆ ಮಾಡಿದ ಸ್ಥಾವರಕ್ಕೆ ತನ್ನ ನೆರೆಯವರ ಮನಸ್ಸನ್ನು ಗೆಲ್ಲಲು ಆಗಲಿಲ್ಲ. ಘಟಕ ಓಡಿಸುವುದನ್ನು ನಮ್ಮ ಅಣುಶಕ್ತಿ ಸಂಸ್ಥೆಗಳು ಚೆನ್ನಾಗಿ ಕಲಿತಿವೆ. ಅದರ ಪರ ಮಾತಾಡುವುದನ್ನು ಮಾತ್ರ ಇನ್ನೂ ಕಲಿತಿಲ್ಲ. ವಿಚಿತ್ರವೆಂದರೆ, ಅವರ ಕೈಯಲ್ಲಿರುವ ಮೊಕದ್ದಮೆ ನಿಜಕ್ಕೂ ಬಲವಾದದ್ದು.

ಎಷ್ಟು ಬಲವಾದದ್ದು ಎಂದು ಮೊದಲು ನೋಡಬೇಕು. ಗಣಿಯಿಂದ ಹಿಡಿದು ಸ್ಥಾವರ ಕಳಚುವವರೆಗಿನ ಎಲ್ಲವನ್ನೂ ಲೆಕ್ಕ ಹಿಡಿದರೂ ಒಂದು ಯೂನಿಟ್ ಅಣುವಿದ್ಯುತ್ತಿಗೆ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಸುಮಾರು 12 ಗ್ರಾಂ ಎನ್ನುತ್ತದೆ ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ, ಐಪಿಸಿಸಿ, 2014ರಲ್ಲಿ ಕೊಟ್ಟ ಲೆಕ್ಕ. ಗಾಳಿ ವಿದ್ಯುತ್ತಿನದೂ ಹೆಚ್ಚುಕಡಿಮೆ ಅಷ್ಟೇ. ಕಲ್ಲಿದ್ದಲಿನದು 820 ಗ್ರಾಂ. ಕೈಗಾದ ಈಗಿನ ನಾಲ್ಕು ಘಟಕಗಳು ಸೇರಿ 880 ಮೆಗಾವಾಟ್. ಶೇ 85ರಷ್ಟು ಸಾಮರ್ಥ್ಯದಲ್ಲಿ ಓಡಿದರೂ ವರ್ಷಕ್ಕೆ 650 ಕೋಟಿ ಯೂನಿಟ್ ಆಗುತ್ತದೆ. ಅಷ್ಟೂ ವಿದ್ಯುತ್ತನ್ನು ರಾಯಚೂರಿನ ಶಕ್ತಿನಗರದಲ್ಲೋ ಬಳ್ಳಾರಿಯ ಕುಡತಿನಿಯಲ್ಲೋ ಕಲ್ಲಿದ್ದಲು ಸುಟ್ಟು ತೆಗೆಯಬೇಕಾಗಿದ್ದರೆ ವರ್ಷಕ್ಕೆ 50 ಲಕ್ಷ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಆಕಾಶ ಸೇರುತ್ತಿತ್ತು. ಹಾರುಬೂದಿಯ ಲೆಕ್ಕ ಬೇರೆ. ಅದನ್ನು ಕೇಳಬೇಕಾದರೆ ಶಕ್ತಿನಗರದ ಸುತ್ತಲಿನ ಹಳ್ಳಿಗಳಿಗೇ ಹೋಗಬೇಕು.

ಸೌರವಿದ್ಯುತ್ತಿನ ಜೊತೆಗೂ ಹೋಲಿಸೋಣ. ಪಾವಗಡದ ಸೋಲಾರ್ ಪಾರ್ಕ್ 13 ಸಾವಿರ ಎಕರೆಯಲ್ಲಿ ಹರಡಿಕೊಂಡಿದೆ, ಸಾಮರ್ಥ್ಯ 2,050 ಮೆಗಾವಾಟ್. ಹೆಸರಿನಲ್ಲಿ ಕೈಗಾದ ಎರಡು ಪಟ್ಟಿಗಿಂತ ದೊಡ್ಡದು. ಆದರೆ ಬಿಸಿಲು ಇದ್ದಾಗ ಮಾತ್ರ ದುಡಿಯುವುದರಿಂದ ವರ್ಷಕ್ಕೆ ಕೈಗೆ ಸಿಗುವುದು ಸುಮಾರು 400 ಕೋಟಿ ಯೂನಿಟ್. ಪಾವಗಡ ಬೇಡವೆಂದು ಇದರ ಅರ್ಥವಲ್ಲ. ಬಂಜರಾಗಿದ್ದ ಹೊಲಕ್ಕೆ ರೈತರಿಗೆ ವರ್ಷವರ್ಷ ಗುತ್ತಿಗೆ ಹಣ ತಂದುಕೊಟ್ಟ ಯೋಜನೆ ಅದು. ಸಂಜೆ ಏಳಕ್ಕೆ ಊರೆಲ್ಲ ದೀಪ ಹಾಕಿ, ಟಿವಿ ಹಚ್ಚಿ, ಮಿಕ್ಸಿ ತಿರುಗಿಸುವಾಗ ಪಾವಗಡ ಮಲಗಿರುತ್ತದೆ. ಕೈಗಾ ಎದ್ದಿರುತ್ತದೆ. ಆ ಹೊತ್ತಿನಲ್ಲಿ ಕೈಗಾ ಇಲ್ಲದಿದ್ದರೆ ಓಡುವುದು ರಾಯಚೂರಿನ ಬಾಯ್ಲರು.

ಇನ್ನು ಸಾವಿನ ಲೆಕ್ಕ. ಇದನ್ನು ಹೇಳಲು ಎಲ್ಲರಿಗೂ ಸಂಕೋಚ, ಆದರೆ ಹೇಳಲೇಬೇಕು. ಅಪಘಾತ ಮತ್ತು ವಾಯುಮಾಲಿನ್ಯ ಎರಡನ್ನೂ ಸೇರಿಸಿ 'ಅವರ್ ವರ್ಲ್ಡ್ ಇನ್ ಡೇಟಾ' ಸಂಸ್ಥೆ ಕೊಡುವ ಅಂದಾಜಿನಂತೆ, ಜಗತ್ತಿನಲ್ಲಿ ಪ್ರತಿ 100 ಕೋಟಿ ಯೂನಿಟ್ ಕಲ್ಲಿದ್ದಲು ವಿದ್ಯುತ್ತಿಗೆ ಸಾಯುವವರು ಹತ್ತಿರ ಹತ್ತಿರ 25 ಮಂದಿ. ಅಣುವಿದ್ಯುತ್ತಿಗೆ 0.03. ಚೆರ್ನೋಬಿಲ್, ಫುಕುಶಿಮಾ ಎರಡೂ ಆ ಲೆಕ್ಕದೊಳಗಿವೆ. ಕಲ್ಲಿದ್ದಲಿನ ಸಾವಿಗೆ ದಿನಾಂಕವಿಲ್ಲ, ಊರಿಲ್ಲ, ಟಿವಿಯಲ್ಲಿ ತೋರಿಸಲು ದೃಶ್ಯವಿಲ್ಲ. ಅದು ಆಸ್ಪತ್ರೆಯ ಒಂದೊಂದು ಹಾಸಿಗೆಯಲ್ಲಿ ಒಂದೊಂದಾಗಿ ಆಗುತ್ತದೆ.

ಇಷ್ಟೆಲ್ಲ ಅಂಕಿಅಂಶ ಜೇಬಿನಲ್ಲಿದ್ದೂ ಅಣುವಿದ್ಯುತ್ತಿನ ಪರ ಮಾತಾಡುವುದು ಬಹುಕಾಲ ಸರ್ಕಾರಿ ವಿಜ್ಞಾನಿಗಳ ಮತ್ತು ಕಂಪನಿಗಳ ಕೆಲಸವಾಗಿಯೇ ಉಳಿದಿತ್ತು. ಕಳೆದ ಇಪ್ಪತ್ತು ವರ್ಷಗಳಲ್ಲಿ ಹೊರಗಡೆ ಆ ಚಿತ್ರ ಬದಲಾಗಿದೆ. 2011ರ ಮಾರ್ಚ್‌ನಲ್ಲಿ, ಫುಕುಶಿಮಾದಲ್ಲಿ ಇನ್ನೂ ಹೊಗೆ ಏಳುತ್ತಿದ್ದಾಗಲೇ, ಬ್ರಿಟನ್ನಿನ ಪರಿಸರವಾದಿ ಪತ್ರಕರ್ತ ಜಾರ್ಜ್ ಮಾನ್‌ಬಿಯೋ ತಾನು ಅಣುವಿದ್ಯುತ್ತಿನ ಕಡೆಗೆ ಬಂದೆನೆಂದು ಬರೆದರು. ಹಳೆಯ ಸ್ಥಾವರ, ಭೀಕರ ಭೂಕಂಪ, ಸುನಾಮಿ ಎಲ್ಲ ಸೇರಿದರೂ ವಿಕಿರಣದಿಂದ ಯಾರೂ ಸತ್ತ ವರದಿ ಇಲ್ಲವಲ್ಲ ಎಂಬುದು ಅವರ ತರ್ಕ. ಓದುಗರು ಅವರನ್ನು ಹಿಗ್ಗಾಮುಗ್ಗಾ ಜಾಡಿಸಿದರು. 2013ರಲ್ಲಿ ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಮತ್ತು ಅವರ ಮೂವರು ಸಹೋದ್ಯೋಗಿಗಳು ಪರಿಸರ ಸಂಘಟನೆಗಳಿಗೆ ಬಹಿರಂಗ ಪತ್ರ ಬರೆದು, ಅಣುವಿದ್ಯುತ್ತನ್ನು ದೂರವಿಟ್ಟು ಹವಾಮಾನದ ಬಿಕ್ಕಟ್ಟು ಬಗೆಹರಿಯದು ಎಂದರು. ಭೂಮಿ ಬಿಸಿಯಾಗುತ್ತಿದೆ ಎಂದು 1988ರಲ್ಲೇ ಅಮೆರಿಕದ ಸಂಸತ್ತಿನ ಮುಂದೆ ಸಾಕ್ಷ್ಯ ನುಡಿದ ಮನುಷ್ಯನ ಮಾತನ್ನು ಕಂಪನಿಯ ಏಜೆಂಟನ ಮಾತೆಂದು ತಳ್ಳಿಹಾಕುವುದು ಯಾರಿಗೂ ಸುಲಭವಾಗಲಿಲ್ಲ.

ಇವರೆಲ್ಲರಿಗಿಂತ ಕುತೂಹಲ ಹುಟ್ಟಿಸುವವರು ಕ್ಯಾಲಿಫೋರ್ನಿಯದ ಇಬ್ಬರು ತಾಯಂದಿರು. ಡಯಾಬ್ಲೋ ಕ್ಯಾನಿಯನ್ ಎಂಬ ಕಡಲ ತಡಿಯ ಅಣುಸ್ಥಾವರದಲ್ಲಿ ಕೆಲಸ ಮಾಡುವ ಹೆದರ್ ಹಾಫ್ ಮತ್ತು ಕ್ರಿಸ್ಟಿನ್ ಜೈಟ್ಸ್ 2016ರಲ್ಲಿ 'ಮದರ್ಸ್ ಫಾರ್ ನ್ಯೂಕ್ಲಿಯರ್' ಎಂಬ ಸಂಘಟನೆ ಕಟ್ಟಿದರು. ಸ್ಥಾವರದ ನೌಕರರೆಂಬುದನ್ನು ಅವರು ಮುಚ್ಚಿಡಲಿಲ್ಲ. ನಮ್ಮ ಮಕ್ಕಳು ಇದೇ ಊರಲ್ಲಿ ಬೆಳೆಯುತ್ತಿದ್ದಾರೆ, ನಮಗೂ ಮೊದಲು ಅನುಮಾನವಿತ್ತು, ಒಳಗೆ ಹೋಗಿ ಪ್ರಶ್ನೆ ಕೇಳಿ ತಿಳಿದುಕೊಂಡೆವು ಎಂಬ ಧಾಟಿಯಲ್ಲಿ ಮಾತಾಡಿದರು. ಬ್ರೆಜಿಲ್ ಮೂಲದ ರೂಪದರ್ಶಿ ಇಸಾಬೆಲ್ ಬೋಮೆಕಿ ಸಾಮಾಜಿಕ ಜಾಲತಾಣದಲ್ಲಿ 'ಐಸೊಡೋಪ್' ಎಂಬ ಹೆಸರಿಟ್ಟುಕೊಂಡು ಹರೆಯದವರಿಗೆ ಯುರೇನಿಯಂ ಪಾಠ ಮಾಡತೊಡಗಿದರು. ಮುಚ್ಚಲೇಬೇಕೆಂದು ತೀರ್ಮಾನವಾಗಿದ್ದ ಡಯಾಬ್ಲೋ ಕ್ಯಾನಿಯನ್‌ಗೆ 2022ರಲ್ಲಿ ಕ್ಯಾಲಿಫೋರ್ನಿಯದ ಶಾಸನಸಭೆ ಇನ್ನೂ ಕೆಲವು ವರ್ಷದ ಆಯುಷ್ಯ ಕೊಟ್ಟಿತು. ವಿದ್ಯುತ್ ಕೊರತೆಯ ಭಯ ಅದಕ್ಕೆ ದೊಡ್ಡ ಕಾರಣ, ನಿಜ. ಆದರೂ ರಾಜಕಾರಣಿಗಳು ಧೈರ್ಯ ಮಾಡುವಷ್ಟು ಜಾಗವನ್ನು ಆ ಇಬ್ಬರಂಥವರು ಹದ ಮಾಡಿಟ್ಟಿದ್ದರು. ಅದೇ ವರ್ಷ ಫಿನ್ಲೆಂಡಿನ ಹಸಿರು ಪಕ್ಷ ಅಣುವಿದ್ಯುತ್ತನ್ನು ಸುಸ್ಥಿರ ಇಂಧನವೆಂದು ತನ್ನ ಪ್ರಣಾಳಿಕೆಯಲ್ಲೇ ಬರೆದುಕೊಂಡಿತು. ಇತ್ತ ಜರ್ಮನಿ 2023ರ ಏಪ್ರಿಲ್ 15ರಂದು ತನ್ನ ಕೊನೆಯ ಮೂರು ರಿಯಾಕ್ಟರುಗಳನ್ನು ಆರಿಸಿತು. ಕಲ್ಲಿದ್ದಲು ಸ್ಥಾವರಗಳು ಅಲ್ಲಿ ಇನ್ನೂ ಉರಿಯುತ್ತಿವೆ.

ಭಾರತದಲ್ಲಿ ಈ ಕೆಲಸ ಯಾರು ಮಾಡಿದರು, ಹೇಗೆ ಮಾಡಿದರು?

ಕೈಗಾ ನಡೆಸುವ ಅಣುವಿದ್ಯುತ್ ನಿಗಮ ಬುಧಿಯಾ ಎಂಬ ಹಳ್ಳಿಗನನ್ನು ಪಾತ್ರವಾಗಿಟ್ಟುಕೊಂಡು ಒಂದು ಕಾರ್ಟೂನ್ ಚಿತ್ರ ಮಾಡಿಸಿತು. ಸ್ಥಾವರವೆಂದರೆ ಹೆದರುವ ಹಳ್ಳಿಗನಿಗೆ ತಿಳಿವಳಿಕೆ ಕೊಡುವ ಕಥೆ. ಅದನ್ನು ಮಾಡಿದವರ ಉದ್ದೇಶ ಕೆಟ್ಟದ್ದಿರಲಾರದು. ಆದರೆ ಅಲ್ಲಿ ಪ್ರಶ್ನೆ ಇರುವುದು ಹಳ್ಳಿಗನ ಬಳಿ, ಉತ್ತರ ಇರುವುದು ಬೇರೆಯವರ ಬಳಿ. ಹಳ್ಳಿಗನಿಂದ ಕಲಿಯಬೇಕಾದದ್ದು ಯಾರಿಗೂ ಇಲ್ಲ. ಕೈಗಾದಲ್ಲಿ ನಿಗಮ ವರ್ಷವರ್ಷ ಪಕ್ಷಿ ವೀಕ್ಷಕರನ್ನು ಕರೆದು 'ಬರ್ಡ್ ಮ್ಯಾರಥಾನ್' ನಡೆಸುತ್ತದೆ. ಸ್ಥಾವರದ ಸುತ್ತಲ ಕಾಡಿನಲ್ಲಿ ಮಂಗಟ್ಟೆ ಹಕ್ಕಿಗಳಿವೆ, ಚಿಟ್ಟೆಗಳಿವೆ, ನೋಡಿ ಎಂದು ತೋರಿಸುತ್ತದೆ. ಹಕ್ಕಿಗಳಿರುವುದು ನಿಜ, ಎಣಿಕೆಯೂ ಒಳ್ಳೆಯ ಕೆಲಸ. ಸ್ಥಾವರದ ನೆರೆಯ ಕದ್ರಾ ಕಡೆಯ ತಾಯಿಯೊಬ್ಬಳು ತನ್ನ ಮಗುವಿನ ಆರೋಗ್ಯದ ಬಗ್ಗೆ ಕೇಳಿದ ಪ್ರಶ್ನೆಗೆ ಮಂಗಟ್ಟೆ ಹಕ್ಕಿ ಉತ್ತರವಾಗುವುದಿಲ್ಲ, ಅಷ್ಟೇ.

ತಮಿಳುನಾಡಿನ ಕೂಡಂಕುಳಂನಲ್ಲಿ ನಡೆದದ್ದು ಇದಕ್ಕಿಂತ ಬಿರುಸಿನದು. 2004ರ ಸುನಾಮಿಯನ್ನು ಆ ಕರಾವಳಿ ಕಣ್ಣಾರೆ ಕಂಡಿತ್ತು. 2011ರಲ್ಲಿ ಫುಕುಶಿಮಾವನ್ನು ಟಿವಿಯಲ್ಲಿ ಕಂಡಿತು. ಇಡಿಂತಕರೈನ ಮೀನುಗಾರರು ಉಪವಾಸ ಕೂತರು. ಆ ನವೆಂಬರಿನಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ಸ್ಥಾವರಕ್ಕೆ ಭೇಟಿ ಕೊಟ್ಟು, ಸುರಕ್ಷಿತವೆಂದು ಘೋಷಿಸಿ, ರಸ್ತೆ, ಆಸ್ಪತ್ರೆ, ಉದ್ಯೋಗಗಳ 200 ಕೋಟಿ ರೂಪಾಯಿಯ ಹತ್ತು ಅಂಶಗಳ ಯೋಜನೆಯನ್ನು ಮುಂದಿಟ್ಟರು. ಅವರಿಗಿಂತ ಜನಪ್ರಿಯ ವಕೀಲ ಈ ದೇಶದಲ್ಲಿ ಅಣುಶಕ್ತಿಗೆ ಸಿಕ್ಕಿಲ್ಲ. ರಾಮೇಶ್ವರದ ಕಡಲ ದಂಡೆಯಲ್ಲೇ ಬೆಳೆದವರು, ಆ ಜನರ ಭಾಷೆಯವರು. ಆದರೂ ಮೀನುಗಾರರು ಒಪ್ಪಲಿಲ್ಲ. ಅಪಾಯ ಇದೆಯೇ ಎಂದು ಕೇಳಿದವರಿಗೆ ರಸ್ತೆ ಕೊಡುತ್ತೇವೆ ಎಂದರೆ, ಹಾಗಾದರೆ ಅಪಾಯ ಇದ್ದೇ ಇದೆ ಎಂದು ಅವರು ತಿಳಿದುಕೊಂಡರೆ ತಪ್ಪು ಯಾರದು?

ಮುಂದಿನ ಹೆಜ್ಜೆಯಲ್ಲಿ ಬೆಂಗಳೂರಿನ ಹೆಸರೂ ಬಂತು. 2012ರಲ್ಲಿ ಪ್ರತಿಭಟನಾಕಾರರಿಗೆ ಆಪ್ತಸಲಹೆ ಕೊಡಿಸಲು ಕೇಂದ್ರ ಸರ್ಕಾರ ನಿಮ್ಹಾನ್ಸ್‌ನ ಮೊರೆ ಹೋಯಿತು. ಅಣುಸ್ಥಾವರಕ್ಕೆ ಹೆದರುವುದನ್ನು ಮಾನಸಿಕ ತೊಂದರೆಯೆಂಬಂತೆ ಕಂಡದ್ದು ಬಹುಶಃ ಜಗತ್ತಿನ ಪ್ರಚಾರ ಕಲೆಯ ಇತಿಹಾಸದಲ್ಲೇ ಅಪರೂಪದ ಪ್ರಯೋಗ. ಇನ್ನೊಂದು ಕೈಯಲ್ಲಿ ಪೊಲೀಸರು ಸಾವಿರಾರು ಜನರ ಮೇಲೆ ರಾಜದ್ರೋಹದ ಕಲಮಿನಡಿ ಪ್ರಕರಣ ಹಾಕಿದರು. 2013ರ ಮೇ 6ರಂದು ಸುಪ್ರೀಂ ಕೋರ್ಟು ಸ್ಥಾವರ ಆರಂಭಿಸಲು ಒಪ್ಪಿಗೆ ಕೊಟ್ಟಿತು. ಜೊತೆಗೆ 15 ನಿರ್ದೇಶನಗಳನ್ನೂ ಕೊಟ್ಟಿತು. ಜನರ ಮೇಲಿನ ಕ್ರಿಮಿನಲ್ ಪ್ರಕರಣಗಳನ್ನು ಹಿಂಪಡೆಯಲು ನೋಡಿ ಎಂಬುದು ಅವುಗಳಲ್ಲೊಂದು. ಸ್ಥಾವರ ಗೆದ್ದಿತು, ವಿದ್ಯುತ್ ಬಂತು. ಆದರೆ ಕೂಡಂಕುಳಂ ಎಂಬ ಹೆಸರು ಕೇಳಿದರೆ ಇವತ್ತಿಗೂ ಜನರಿಗೆ ನೆನಪಾಗುವುದು ಮೆಗಾವಾಟ್ ಅಲ್ಲ, ಪ್ರತಿಭಟಿಸುತ್ತ ಕಡಲಿಗಿಳಿದು ನಿಂತ ಜನ.

ವಿರೋಧಿಸುವವರಿಗೆ ವಿಜ್ಞಾನ ಗೊತ್ತಿಲ್ಲ ಎಂಬ ಸಿದ್ಧ ವಾದ ಕರ್ನಾಟಕದಲ್ಲಂತೂ ನಿಲ್ಲುವುದಿಲ್ಲ. ಕೈಗಾ ವಿರುದ್ಧ ಎದ್ದ ದೊಡ್ಡ ದನಿ ಕೋಟ ಶಿವರಾಮ ಕಾರಂತರದು. 1989ರ ಲೋಕಸಭಾ ಚುನಾವಣೆಯಲ್ಲಿ, 87ನೇ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಪಕ್ಷೇತರರಾಗಿ ಅವರು ನಿಂತದ್ದೇ ಈ ವಿಷಯಕ್ಕಾಗಿ. ಗೆಲ್ಲಲಿಲ್ಲ. ಕಾರಂತರು ಜ್ಞಾನಪೀಠದ ಕಾದಂಬರಿಕಾರರಷ್ಟೇ ಆಗಿರಲಿಲ್ಲ. ಮಕ್ಕಳಿಗೆ 'ಬಾಲ ಪ್ರಪಂಚ', ದೊಡ್ಡವರಿಗೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದುಕೊಟ್ಟವರು. ಕನ್ನಡದಲ್ಲಿ ಪರಮಾಣು ಎಂದರೇನು ಎಂದು ಒಂದು ತಲೆಮಾರಿಗೆ ಹೇಳಿಕೊಟ್ಟವರಲ್ಲಿ ಅವರೂ ಒಬ್ಬರು. ಎದುರಿನ ಪಾಳಯದಲ್ಲಿ ತುಮಕೂರಿನ ರಾಜಾ ರಾಮಣ್ಣನವರಂಥ ವಿಜ್ಞಾನಿಗಳಿದ್ದರು. ಅಷ್ಟು ಎತ್ತರದ ಇಬ್ಬರು ಕನ್ನಡಿಗರು ಎರಡು ಕಡೆ ನಿಂತ ಆ ಕಾಲದಲ್ಲಿ ಕರ್ನಾಟಕಕ್ಕೆ ನಿಜವಾದ ಚರ್ಚೆಯ ಅವಕಾಶ ಒದಗಿತ್ತು. ಅದು ಕೈತಪ್ಪಿತು.

ಆಮೇಲೆ ಕಾರಂತರ ಅನುಮಾನಕ್ಕೆ ಸ್ಥಾವರವೇ ಸಾಕ್ಷ್ಯ ಒದಗಿಸಿತು. 1994ರ ಮೇ 13ರಂದು, ಕಟ್ಟುತ್ತಿದ್ದ ಒಂದನೇ ಘಟಕದ ಒಳ ಗುಮ್ಮಟದ ಕಾಂಕ್ರೀಟ್ ಪದರ ಕಳಚಿ ಬಿತ್ತು. ಎತ್ತರದ ಕಟ್ಟಡದ ನೆತ್ತಿಯಿಂದ ನೂರಕ್ಕೂ ಹೆಚ್ಚು ಟನ್ ಕಾಂಕ್ರೀಟ್ ಕೆಳಗೆ ಬಿದ್ದದ್ದು. ಇಂಧನ ಇನ್ನೂ ತುಂಬಿರಲಿಲ್ಲ, ಯಾರೂ ಸಾಯಲಿಲ್ಲ. ವಿಕಿರಣ ಹೊರಬರದಂತೆ ತಡೆಯುವ ಮುಖ್ಯ ಗೋಡೆಯೇ ಅದು ಎಂಬುದನ್ನು ನೆನೆದರೆ ಮಾತ್ರ ಮೈ ಜುಮ್ಮೆನ್ನುತ್ತದೆ. ವಿನ್ಯಾಸ ತಿದ್ದಿ ಮತ್ತೆ ಕಟ್ಟಲು ವರ್ಷಗಳು ಹಿಡಿದವು. ಘಟಕ ವಾಣಿಜ್ಯ ಉತ್ಪಾದನೆ ಶುರು ಮಾಡಿದ್ದು 2000ದ ನವೆಂಬರಿನಲ್ಲಿ. ವಿಶ್ವದಾಖಲೆ ಮಾಡಿದ ಘಟಕವೂ ಇದೇ. ತಪ್ಪಿನಿಂದ ಕಲಿತು ಜಗತ್ತಿನ ಎದುರು ತಲೆಯೆತ್ತಿದ ಇಂಥ ಕಥೆ ಯಾವ ಪ್ರಚಾರಕನಿಗಾದರೂ ವರ. ನಿಗಮದ ಹೊಳಪಿನ ಕರಪತ್ರಗಳಲ್ಲಿ ದಾಖಲೆಗೆ ಸಿಗುವ ಜಾಗ ಗುಮ್ಮಟಕ್ಕೆ ಸಿಗುವುದಿಲ್ಲ.

2009ರ ನವೆಂಬರಿನಲ್ಲಿ ಇನ್ನೊಂದು ಪ್ರಸಂಗ. ಕೈಗಾದ ನೌಕರರು ಕುಡಿಯುವ ನೀರಿನ ಕೂಲರಿಗೆ ಯಾರೋ ಒಳಗಿನವರೇ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಇದ್ದ ಭಾರಜಲ ಬೆರೆಸಿದ್ದರು. ಐವತ್ತಕ್ಕೂ ಹೆಚ್ಚು ಮಂದಿಯ ಮೂತ್ರ ಪರೀಕ್ಷೆಯಲ್ಲಿ ಅದು ಕಂಡಿತು. ಸ್ಥಾವರದಿಂದ ಹೊರಗೆ ಏನೂ ಸೋರಿರಲಿಲ್ಲ, ಗಂಭೀರ ಹಾನಿಯಾದ ವರದಿಯೂ ಇಲ್ಲ. ಆದರೆ ಕಾರವಾರದ ಜನರಿಗೆ ವಿಷಯ ಗೊತ್ತಾದದ್ದು ಸುದ್ದಿವಾಹಿನಿಗಳಿಂದ. ಹೇಳಬೇಕಾದವರು ಮೊದಲು ಹೇಳಲಿಲ್ಲ ಎಂಬ ಗುಮಾನಿ ಒಮ್ಮೆ ಹೊಕ್ಕರೆ, ಆಮೇಲೆ ಅವರು ಹೇಳುವ ಯಾವ ಅಂಕಿಗೂ ಬೆಲೆ ಇರುವುದಿಲ್ಲ.

ಈ ರೋಗದ ಪರಾಕಾಷ್ಠೆ ಕಂಡದ್ದು ಜಪಾನ್. 1990ರ ದಶಕದ ಆರಂಭದಲ್ಲಿ ಅಲ್ಲಿನ ಸರ್ಕಾರಿ ಅಣು ಇಂಧನ ಸಂಸ್ಥೆ 'ಪ್ಲೂಟೊ ಕುನ್' ಎಂಬ ಮುದ್ದು ಕಾರ್ಟೂನ್ ಹುಡುಗನನ್ನು ಸೃಷ್ಟಿಸಿತ್ತು. ಪ್ಲುಟೋನಿಯಂ ಬೆರೆತ ನೀರು ಕುಡಿದರೂ ಅಂಥದ್ದೇನೂ ಆಗದು ಎಂದು ಅವನು ವೀಡಿಯೊದಲ್ಲಿ ಮಕ್ಕಳಿಗೆ ಹೇಳುತ್ತಿದ್ದ. ಕೊನೆಗೆ ಅಮೆರಿಕದ ಇಂಧನ ಸಚಿವೆಯೇ ಆಕ್ಷೇಪ ಎತ್ತಬೇಕಾಯಿತು. ಫುಕುಶಿಮಾ ಸ್ಥಾವರದ ಪಕ್ಕದ ಫುತಾಬಾ ಪಟ್ಟಣದ ಮುಖ್ಯರಸ್ತೆಗೆ ಅಡ್ಡಲಾಗಿ ಒಂದು ದೊಡ್ಡ ಫಲಕವಿತ್ತು. ಅಣುಶಕ್ತಿಯೇ ಉಜ್ವಲ ಭವಿಷ್ಯದ ಶಕ್ತಿ ಎಂದು ಅದರಲ್ಲಿ ಬರೆದಿತ್ತು. ಸ್ಪರ್ಧೆಯೊಂದರಲ್ಲಿ ಆರನೇ ತರಗತಿಯ ಹುಡುಗನೊಬ್ಬ ಬರೆದ ಘೋಷಣೆ ಅದು. 2011ರಲ್ಲಿ ಊರಿಗೆ ಊರೇ ಖಾಲಿಯಾಯಿತು. 2015ರಲ್ಲಿ ಫಲಕ ಇಳಿಸಲು ಬಂದಾಗ, ಆ ಹೊತ್ತಿಗೆ ನಡುವಯಸ್ಸಿಗೆ ಬಂದಿದ್ದ ಅದೇ ಹುಡುಗ ಬೇಡ, ಪಾಠವಾಗಿ ಇರಲಿ ಬಿಡಿ ಎಂದು ಪ್ರತಿಭಟಿಸಿದ. ಜಪಾನಿನ ಸಂಸತ್ತು ನೇಮಿಸಿದ ತನಿಖಾ ಆಯೋಗ 2012ರಲ್ಲಿ ಆ ದುರಂತವನ್ನು ಮನುಷ್ಯಕೃತ ಎಂದೇ ಕರೆಯಿತು. ನಿಯಂತ್ರಿಸಬೇಕಾದವರು, ನಡೆಸುವವರು, ಹೊಗಳುವವರು ಎಲ್ಲ ಒಂದೇ ಆಗಿಹೋಗಿದ್ದರು. ಅಪಘಾತ ಆಗುವುದೇ ಇಲ್ಲ ಎಂದು ಜನರಿಗೆ ಹೇಳಿ ಹೇಳಿ ತಾವೂ ಅದನ್ನೇ ನಂಬಿದ್ದರು.

ವಿಕಿರಣದಿಂದ ಫುಕುಶಿಮಾದಲ್ಲಿ ಸತ್ತರೆಂದು ಸರ್ಕಾರ ಒಪ್ಪಿದ್ದು ಒಬ್ಬರನ್ನು. ಗಡಿಬಿಡಿಯ ಸ್ಥಳಾಂತರದಿಂದ, ಆಸ್ಪತ್ರೆ ಬಿಟ್ಟೋಡಿದ ವೃದ್ಧರ ಬವಣೆಯಿಂದ ಸತ್ತವರು ಎರಡು ಸಾವಿರಕ್ಕೂ ಹೆಚ್ಚು. ಅಪಘಾತವೇ ಆಗದೆಂದು ನಂಬಿದ ಕಡೆ ಸ್ಥಳಾಂತರದ ತಾಲೀಮು ಯಾರು ಮಾಡುತ್ತಾರೆ? ಸುಳ್ಳು ಧೈರ್ಯಕ್ಕೂ ಜೀವ ತೆಗೆಯುವ ಶಕ್ತಿ ಇದೆ ಎಂಬುದನ್ನು ಅಣುಶಕ್ತಿಯ ಪರವಾದಿಗಳು ಇಲ್ಲಿಂದ ಕಲಿಯಬೇಕಿತ್ತು.

ತ್ಯಾಜ್ಯದ ಮಾತಿಗೆ ಬಂದರೆ ಹೋಲಿಕೆ ಇನ್ನೂ ಮೊನಚಾಗುತ್ತದೆ. 1980ರ ದಶಕದಲ್ಲಿ ನಮ್ಮ ವಿಜ್ಞಾನಿಗಳು ಕೋಲಾರ ಚಿನ್ನದ ಗಣಿಯ ಪಾಳುಬಿದ್ದ ಸುರಂಗದಲ್ಲಿ ಪ್ರಯೋಗ ನಡೆಸಿದ್ದರು. ಬಿಸಿಯಾದ ತ್ಯಾಜ್ಯವನ್ನು ಆಳದಲ್ಲಿ ಹೂತರೆ ಬಂಡೆ ಹೇಗೆ ವರ್ತಿಸುತ್ತದೆ ಎಂದು ಹೀಟರ್ ಇಟ್ಟು ನೋಡಿದ ಪರೀಕ್ಷೆ ಅದು. ವಿಕಿರಣದ ವಸ್ತು ಅಲ್ಲಿರಲಿಲ್ಲ. ಅದು ಮರೆತುಹೋದ ಸಂಗತಿ. 2012ರ ನವೆಂಬರಿನಲ್ಲಿ ಕೂಡಂಕುಳಂ ಪ್ರಕರಣದ ವಿಚಾರಣೆಯ ವೇಳೆ ಸುಪ್ರೀಂ ಕೋರ್ಟಿನಲ್ಲಿ ತ್ಯಾಜ್ಯಕ್ಕೆ ಕೆಜಿಎಫ್ ಗಣಿಯ ಹೆಸರು ಪ್ರಸ್ತಾಪವಾಯಿತೆಂಬ ಸುದ್ದಿ ಬಂತು. ಗಣಿ ಮುಚ್ಚಿ ಕೆಲಸ ಕಳೆದುಕೊಂಡಿದ್ದ ಊರು ಸಿಡಿದೆದ್ದಿತು. ದೆಹಲಿಯ ಕೋರ್ಟಿನಲ್ಲಿ ತಮ್ಮೂರಿನ ಭವಿಷ್ಯ ಮಾತಾಗಿರುವುದು ಕೆಜಿಎಫ್ ಜನರಿಗೆ ಪತ್ರಿಕೆ ಓದಿ ತಿಳಿಯಬೇಕಾಯಿತು. ಕೆಲವೇ ದಿನಗಳಲ್ಲಿ ಅಂಥ ಯೋಚನೆ ಇಲ್ಲವೆಂದು ಸರ್ಕಾರ ಹಿಂದೆ ಸರಿಯಿತು.

ಫಿನ್ಲೆಂಡಿನಲ್ಲೂ ಇಂಥದ್ದೇ ಗಟ್ಟಿ ಬಂಡೆಯೊಳಗೆ, 400 ಮೀಟರಿಗೂ ಆಳದಲ್ಲಿ, 'ಒಂಕಾಲೊ' ಎಂಬ ಶಾಶ್ವತ ತ್ಯಾಜ್ಯ ಗೂಡು ತಯಾರಾಗಿದೆ. ಅದಿರುವ ಯೂರಾಯೋಕಿ ಎಂಬ ಊರಿನ ಸ್ಥಳೀಯ ಸಂಸ್ಥೆಗೆ ಬೇಡ ಎನ್ನುವ ಕಾನೂನುಬದ್ಧ ಅಧಿಕಾರವಿತ್ತು. ಬೇಡ ಎಂದಿದ್ದರೆ ಯೋಜನೆ ಅಲ್ಲಿಗೇ ನಿಲ್ಲುತ್ತಿತ್ತು. ಊರು 2000ದಲ್ಲಿ ಒಪ್ಪಿತು, ಮರುವರ್ಷ ಸಂಸತ್ತು ಅನುಮೋದಿಸಿತು. ಇಲ್ಲ ಎನ್ನುವ ಹಕ್ಕು ಕೈಯಲ್ಲಿದ್ದಾಗ ಮನುಷ್ಯ ಹೌದು ಎನ್ನುವುದನ್ನೂ ನಿಧಾನವಾಗಿ ಯೋಚಿಸಬಲ್ಲ. ಮಲ್ಲಾಪುರದ ಸಭೆಯಲ್ಲಿ ಜನರಿಗಿದ್ದದ್ದು ಮೈಕಿನ ಮುಂದೆ ಕೆಲವು ನಿಮಿಷ ಮಾತ್ರ. ಪರಿಸರ ಪರಿಣಾಮದ ಪೂರ್ಣ ವರದಿ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಕೊಡಬೇಕೆಂದು ನಿಯಮ ಹೇಳುವುದು ಸಾರಾಂಶವನ್ನಷ್ಟೇ.

ಉತ್ತರ ಕನ್ನಡದ ಸಿಟ್ಟಿಗೆ ಇನ್ನೊಂದು ಬೇರಿದೆ, ಅದಕ್ಕೂ ವಿಕಿರಣಕ್ಕೂ ಸಂಬಂಧವಿಲ್ಲ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟಿನ ಮೇಲೆ ಅಣೆಕಟ್ಟು ಬಂತು. ಕರಾವಳಿಯಲ್ಲಿ ಸೀಬರ್ಡ್ ನೌಕಾನೆಲೆ ಊರುಗಳನ್ನೇ ಎತ್ತಿಸಿತು. ನಡುವೆ ಕೈಗಾ. ಒಂದೇ ಜಿಲ್ಲೆ ನಾಡಿಗೆಲ್ಲ ಬೆಳಕು, ದೇಶಕ್ಕೆಲ್ಲ ರಕ್ಷಣೆ ಕೊಟ್ಟು ತಾನು ಗಂಭೀರ ಕಾಯಿಲೆಗೆ ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಅಲೆಯುತ್ತದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜಿಲ್ಲೆಯವರು ವರ್ಷಗಳಿಂದ ಕೂಗುತ್ತಿರುವುದು ಯಾರಿಗೆ ಗೊತ್ತಿಲ್ಲ? ಶುದ್ಧ ಇಂಧನದ ಭಾಷಣ ಕೇಳುವ ತಾಳ್ಮೆ ಅಂಥವರಲ್ಲಿ ಉಳಿದಿಲ್ಲದಿದ್ದರೆ ಅಚ್ಚರಿಯೇನಿಲ್ಲ.

ಕ್ಯಾನ್ಸರಿನ ಪ್ರಶ್ನೆಗೂ ಉತ್ತರ ಕೊಡುವ ದಾರಿ ನೆರೆಯ ಕೇರಳದಲ್ಲೇ ಇದೆ. ಕೊಲ್ಲಂ ಬಳಿಯ ಕರುನಾಗಪ್ಪಳ್ಳಿಯ ಕಡಲ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಸಹಜವಾಗಿಯೇ ಇದೆ. ಅಲ್ಲಿನ ಕೆಲವು ಭಾಗದ ಜನ ತಲೆತಲಾಂತರದಿಂದ ಜಗತ್ತಿನ ಸರಾಸರಿಗಿಂತ ಹಲವು ಪಟ್ಟು ವಿಕಿರಣದಲ್ಲಿ ಬದುಕಿದ್ದಾರೆ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ 1990ರಿಂದ ಅಲ್ಲಿ ಕ್ಯಾನ್ಸರ್ ನೋಂದಣಿ ಇಟ್ಟು, ಮನೆಮನೆಗೆ ಹೋಗಿ ವಿಕಿರಣ ಅಳೆದು, ಹೆಚ್ಚುವರಿ ಕ್ಯಾನ್ಸರ್ ಕಾಣಲಿಲ್ಲವೆಂದು 2009ರಲ್ಲಿ ಪ್ರಕಟಿಸಿತು. ಸ್ಥಾವರದಿಂದ ಸಾರ್ವಜನಿಕರಿಗೆ ತಟ್ಟಬಹುದಾದ ವಿಕಿರಣಕ್ಕೆ ನಿಯಮದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶಗಳಿಂದ ಪ್ರತಿ ಮನುಷ್ಯನಿಗೂ ಸಹಜವಾಗಿ ಸಿಗುವುದೇ ಸರಾಸರಿ 2.4. ಕೈಗಾದ ಸುತ್ತಲಿನ ನೀರು, ಮೀನು, ಹಾಲುಗಳನ್ನು ಸ್ಥಾವರಕ್ಕೂ ಮುಂಚಿನಿಂದ ಪರೀಕ್ಷಿಸುವ ಪ್ರಯೋಗಾಲಯವೂ ಇದೆ. ಆದರೆ ಅದು ಅಣುಶಕ್ತಿ ಇಲಾಖೆಯ ಅಂಗ. ತನ್ನ ಹಾಲಿಗೆ ತಾನೇ ಲ್ಯಾಕ್ಟೋಮೀಟರ್ ಇಟ್ಟು ನೀರು ಬೆರೆಸಿಲ್ಲ ಎಂದು ಪ್ರಮಾಣ ಮಾಡುವ ಹಾಲಿನವನನ್ನು ಡೇರಿಯವರು ನಂಬುತ್ತಾರೆಯೇ?

ಪ್ರಾಮಾಣಿಕ ಪರವಾದಿ ಇನ್ನೂ ಕೆಲವನ್ನು ಒಪ್ಪಿಕೊಳ್ಳಬೇಕು. ಅಣುವಿದ್ಯುತ್ ಬೇಗ ಬರುವುದಿಲ್ಲ, ಅಗ್ಗವಾಗಿಯೂ ಬರುವುದಿಲ್ಲ. ಫಿನ್ಲೆಂಡಿನ ಒಲ್ಕಿಲುಒಟೊ ಮೂರನೇ ಘಟಕದ ಕೆಲಸ 2005ರಲ್ಲಿ ಶುರುವಾಗಿ, ಪೂರ್ಣ ಪ್ರಮಾಣದ ಉತ್ಪಾದನೆ ಬಂದದ್ದು 2023ರಲ್ಲಿ. ಅಮೆರಿಕದ ವೋಗ್ಟಲ್‌ನ ಎರಡು ಹೊಸ ಘಟಕಗಳಿಗೆ 1,400 ಕೋಟಿ ಡಾಲರ್ ಎಂದು ಹೇಳಿ 3,000 ಕೋಟಿ ದಾಟಿಸಿದರು. ನಮ್ಮ ಭಾರಜಲ ರಿಯಾಕ್ಟರುಗಳು ಅಷ್ಟು ದುಬಾರಿಯಲ್ಲ, ಗುಜರಾತಿನ ಕಾಕ್ರಾಪಾರದ 700 ಮೆಗಾವಾಟ್ ಘಟಕಗಳು 2023 ಮತ್ತು 2024ರಲ್ಲಿ ಓಡತೊಡಗಿವೆ. ಆದರೆ ಅವೂ ಹೇಳಿದ ಸಮಯಕ್ಕೆ ಮುಗಿದವಲ್ಲ. 2047ಕ್ಕೆ 1 ಲಕ್ಷ ಮೆಗಾವಾಟ್ ಎಂದು 2025ರ ಬಜೆಟ್ ಘೋಷಿಸಿತು. ಆಗ ಇದ್ದದ್ದು 9 ಸಾವಿರಕ್ಕೂ ಕಡಿಮೆ, ದೇಶದ ವಿದ್ಯುತ್ತಿನಲ್ಲಿ ಪಾಲು ಶೇ 3ರ ಆಸುಪಾಸು. ಆ ಗುರಿಯನ್ನು ನಂಬದವರನ್ನು ದೇಶದ್ರೋಹಿಗಳೆನ್ನಲಾಗದು. ಇತ್ತ ವಿರೋಧಿಗಳೂ ಒಂದು ಮಾತಿಗೆ ಉತ್ತರಿಸಬೇಕು. ಸೌರ, ಗಾಳಿ ಸಾಕು ಎಂದರೆ ಆ ವಿದ್ಯುತ್ತನ್ನು ರಾತ್ರಿಗೆ ಕೂಡಿಡಬೇಕು. ಅದಕ್ಕೆಂದು ಶರಾವತಿ ಕಣಿವೆಯಲ್ಲಿ ಸಿಂಗಳೀಕಗಳ ಕಾಡಿನೊಳಗೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಹೊರಟಾಗ ಬೀದಿಗಿಳಿದವರೂ ಬಹುಮಟ್ಟಿಗೆ ಅವರೇ. ಪಶ್ಚಿಮ ಘಟ್ಟ ಯಾವ ವಿದ್ಯುತ್ತಿಗಾದರೂ ಬೆಲೆ ತೆತ್ತೇ ತೆರುತ್ತದೆ. ಯಾವುದಕ್ಕೆ ಕಡಿಮೆ ತೆರಬೇಕಾಗುತ್ತದೆ ಎಂಬ ಲೆಕ್ಕದಲ್ಲಿ ಈಗಾಗಲೇ ಸ್ವಾಧೀನವಾಗಿರುವ ಸ್ಥಾವರದ ಜಾಗದಲ್ಲಿ 1,400 ಮೆಗಾವಾಟ್ ಎಂಬುದು ತಳ್ಳಿಹಾಕುವಂಥದ್ದಲ್ಲ.

ಈಗ ಆಟದ ನಿಯಮವೇ ಬದಲಾಗಿದೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ 'ಶಾಂತಿ' ಕಾಯ್ದೆ 1962ರ ಅಣುಶಕ್ತಿ ಕಾಯ್ದೆಯನ್ನೂ 2010ರ ಪರಿಹಾರ ಹೊಣೆಗಾರಿಕೆ ಕಾಯ್ದೆಯನ್ನೂ ಬದಿಗಿಟ್ಟು ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಯಂತ್ರ ಕೆಟ್ಟದ್ದಿದ್ದರೆ ಅದನ್ನು ಪೂರೈಸಿದವನ ಮೇಲೂ ಹೊಣೆ ಹೊರಿಸಲು ಹಳೆಯ ಕಾಯ್ದೆಯಲ್ಲಿದ್ದ ಅವಕಾಶವನ್ನು ಕೈಬಿಟ್ಟಿತು. ಅಣುಶಕ್ತಿ ನಿಯಂತ್ರಣ ಮಂಡಳಿಗೆ ಶಾಸನದ ಮಾನ್ಯತೆ ಕೊಟ್ಟದ್ದು ಅದರ ಒಳ್ಳೆಯ ಅಂಶ. ಮಂಡಳಿ ಯಾರನ್ನು ನಿಯಂತ್ರಿಸಬೇಕೋ ಅವರ ಅಧೀನದಲ್ಲೇ ಇದೆ ಎಂದು ಮಹಾಲೇಖಪಾಲರು ಆಕ್ಷೇಪಿಸಿದ್ದು 2012ರಲ್ಲಿ. ಅಷ್ಟು ತಿದ್ದಲು 13 ವರ್ಷ ಬೇಕಾಯಿತು. ಆದರೆ ಯಾವ ಮಾಹಿತಿ ಹೊರಬರಬೇಕು, ಯಾವುದು ಬರಬಾರದು ಎಂದು ನಿರ್ಧರಿಸುವ ಅಧಿಕಾರ ಮುಂಚಿನಂತೆಯೇ ಸರ್ಕಾರದ ಕೈಯಲ್ಲಿದೆ. ನಾಳೆ ಸ್ಥಾವರದ ಪರ ಜಾಹೀರಾತು ಕೊಡುವವರಲ್ಲಿ ಲಾಭದ ಕಂಪನಿಗಳೂ ಇರುತ್ತವೆ. ಅಪಘಾತದ ಹೊಣೆಯನ್ನು ಹಗುರ ಮಾಡಿಸಿಕೊಂಡವರು ಅಪಘಾತವೇ ಆಗದು ಎಂದರೆ ಕೇಳುವವರು ನಗುತ್ತಾರೆ.

ಫ್ರಾನ್ಸಿನಲ್ಲಿ ಪ್ರತಿ ಅಣುಸ್ಥಾವರದ ಸುತ್ತ ಸ್ಥಳೀಯ ಮಾಹಿತಿ ಆಯೋಗವೊಂದಿದೆ. 1981ರಲ್ಲಿ ಆರಂಭವಾದ ಈ ಪದ್ಧತಿಗೆ 2006ರಲ್ಲಿ ಕಾನೂನಿನ ಬಲ ಬಂತು. ಊರಿನ ಚುನಾಯಿತರು, ಪರಿಸರ ಸಂಘದವರು, ಕಾರ್ಮಿಕ ಸಂಘದವರು, ತಜ್ಞರು ಅದರಲ್ಲಿರುತ್ತಾರೆ. ಬೇಕೆನಿಸಿದರೆ ತಾವೇ ಹೊರಗಿನವರಿಂದ ಅಳತೆ ಮಾಡಿಸಬಹುದು. ಫುಕುಶಿಮಾದ ನಂತರ ಜಪಾನಿನಲ್ಲಿ 'ಸೇಫ್‌ಕಾಸ್ಟ್' ಎಂಬ ಸ್ವಯಂಸೇವಕರ ಗುಂಪು ಪುಟ್ಟ ಗೈಗರ್ ಯಂತ್ರ ಜೋಡಿಸಿ, ಕಾರಿಗೆ ಕಟ್ಟಿಕೊಂಡು ಊರೂರು ಅಳೆದು, ಅಂಕಿಗಳನ್ನೆಲ್ಲ ಯಾರು ಬೇಕಾದರೂ ನೋಡುವಂತೆ ಇಟ್ಟಿತು. ಕೆಲವು ಕಡೆ ಜನ ಹೆದರಿದ್ದಕ್ಕಿಂತ ಕಡಿಮೆ, ಕೆಲವು ಕಡೆ ಹೆಚ್ಚು ವಿಕಿರಣ ಕಂಡಿತು. ಎರಡನ್ನೂ ಜನ ನಂಬಿದರು, ಅಳೆದವರು ತಮ್ಮವರೇ ಆದ್ದರಿಂದ.

ಕೈಗಾದ ಐದು ಮತ್ತು ಆರನೇ ಘಟಕಗಳು ಎದ್ದು ನಿಲ್ಲಲು ಇನ್ನೂ ವರ್ಷಗಳಿವೆ. ಹೊಸ ಘಟಕ ಓಡುವ ಮೊದಲೇ ಕಾರವಾರ, ಜೋಯಿಡಾ, ಯಲ್ಲಾಪುರ ತಾಲ್ಲೂಕುಗಳಲ್ಲಿ ಅಣುಶಕ್ತಿ ಇಲಾಖೆಗೆ ಸಂಬಂಧವಿಲ್ಲದ ಸಂಸ್ಥೆಯೊಂದರಿಂದ ಕ್ಯಾನ್ಸರ್ ನೋಂದಣಿ ಆರಂಭಿಸಲು ಈ ಸಮಯ ಧಾರಾಳ ಸಾಕು. ಕದ್ರಾ, ಮಲ್ಲಾಪುರ, ಹರ್ಟುಗಾದಂಥ ಊರುಗಳ ಪಂಚಾಯಿತಿ ಸದಸ್ಯರು, ಪಿಯು ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, ಆಶಾ ಕಾರ್ಯಕರ್ತೆ, ಮೀನುಗಾರರ ಸಂಘದವರು ಸೇರಿದ ಒಂದು ಸಮಿತಿಯ ಕೈಗೆ ಅಳತೆಯ ಯಂತ್ರ ಕೊಡಬಹುದು. 1994ರ ಗುಮ್ಮಟ ಮತ್ತು 2009ರ ಟ್ರಿಟಿಯಂ ಪ್ರಸಂಗಗಳ ತನಿಖಾ ವರದಿಗಳನ್ನು ಕನ್ನಡಕ್ಕೆ ತಂದು ಅವರ ಮುಂದಿಡಬಹುದು. ಈ ಎರಡು ಹೊಸ ಘಟಕಗಳ 12,800 ಕೋಟಿ ರೂಪಾಯಿಯ ನಿರ್ಮಾಣ ಗುತ್ತಿಗೆಯ ಪಕ್ಕದಲ್ಲಿ ಈ ಖರ್ಚು ಲೆಕ್ಕಕ್ಕೇ ಬಾರದು.